ಪರದೆಯ ಮೇಲಿನ ಮುಳ್ಳು ಯಾರದು?

ಕೇಳುಗರೇ, ನಮಸ್ಕಾರ.

ಡಿಪ್ಲೊಮಾ ಓದುತ್ತಿರುವವರು, ರಿಪೇರಿ ಮೇಜಿಗೆ ಕೂರುವವರು, ಬಿಡುವಿನಲ್ಲಿ ಸರ್ಕ್ಯೂಟ್ ಕಟ್ಟುವವರು, ಇವತ್ತಿನ ಮಾತು ನಿಮಗಾಗಿ. ವೋಲ್ಟೇಜಿನ ಏರಿಳಿತವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್ ಹಚ್ಚಿದ್ದೀರಿ. ಸಪಾಟಾಗಿರಬೇಕಾದ ಗೆರೆಯ ತುಂಬ ಮುಳ್ಳು. ಸರ್ಕ್ಯೂಟ್ ಕೆಟ್ಟಿದೆ ಎಂದುಕೊಂಡು ಸಾಲ್ಡರಿಂಗ್ ಐರನ್ ಎತ್ತಿಕೊಳ್ಳುತ್ತೀರಿ. ದಯವಿಟ್ಟು ಅದನ್ನು ಕೆಳಗಿಡಿ. ಮೊದಲು ಪ್ರೋಬ್‌ನ, ಅಂದರೆ ಸರ್ಕ್ಯೂಟ್‌ಗೆ ಮುಟ್ಟಿಸುವ ಅಳತೆಯ ಕಡ್ಡಿಯ, ತುದಿಯನ್ನು ಅದರದೇ ಗ್ರೌಂಡ್ ಕ್ಲಿಪ್‌ಗೆ ಸಿಕ್ಕಿಸಿ, ಎರಡನ್ನೂ ಒಟ್ಟಿಗೆ ಸರ್ಕ್ಯೂಟ್‌ನ ಗ್ರೌಂಡ್‌ಗೆ, ಅಂದರೆ ಸೊನ್ನೆ ವೋಲ್ಟ್‌ನ ಜಾಗಕ್ಕೆ, ಮುಟ್ಟಿಸಿ. ಈಗ ಅಳೆಯಲು ಅಲ್ಲಿ ಏನೂ ಉಳಿದಿಲ್ಲ. ಆದರೂ ಮುಳ್ಳು ಕಂಡರೆ, ಆ ಮುಳ್ಳು ನಿಮ್ಮ ಪ್ರೋಬ್‌ನದು.

ಒಂದು ಪ್ರಸಂಗ ಹೇಳುತ್ತೇನೆ. ಒಬ್ಬ ತರುಣ ಇಂಜಿನಿಯರ್ 5 ವೋಲ್ಟ್‌ ಅನ್ನು 3.3 ವೋಲ್ಟ್‌ಗೆ ಇಳಿಸುವ ಸ್ವಿಚಿಂಗ್ ರೆಗ್ಯುಲೇಟರ್ ಬೋರ್ಡ್ ಮಾಡಿದ್ದ. ಔಟ್‌ಪುಟ್‌ನಲ್ಲಿ 50 ಮಿಲಿವೋಲ್ಟ್‌ಗಿಂತ ಹೆಚ್ಚು ಏರಿಳಿತ ಇರಬಾರದು. ಪರದೆಯ ಮೇಲೆ 200 ಮಿಲಿವೋಲ್ಟ್‌ನ ಮುಳ್ಳುಗಳು ಕಾಣುತ್ತಿದ್ದವು. ಅವನು ಕೆಪಾಸಿಟರ್ ಮೇಲೆ ಕೆಪಾಸಿಟರ್ ಬೆಸೆದಿದ್ದ. ಕಾಯಿಲ್ ಬದಲಾಯಿಸಿದ್ದ. ಬೋರ್ಡನ್ನೇ ಹೊಸದಾಗಿ ಬಿಡಿಸಲು ಹೊರಟಿದ್ದ. “ಏನು ಮಾಡಿದರೂ ಒಂದಿಷ್ಟೂ ಕಡಿಮೆಯಾಗುತ್ತಿಲ್ಲ ಸರ್” ಎಂದ.

ಏನು ಮಾಡಿದರೂ ಕಡಿಮೆಯಾಗುವುದಿಲ್ಲ ಎಂದರೆ ಅದೇ ದೊಡ್ಡ ಸುಳಿವು. “ತುದಿಯನ್ನು ಕ್ಲಿಪ್‌ಗೆ ಸೇರಿಸಿ ಗ್ರೌಂಡ್‌ಗೆ ಮುಟ್ಟಿಸಪ್ಪಾ” ಎಂದೆ. ಮುಟ್ಟಿಸಿದ. ಮುಳ್ಳುಗಳು ಹೆಚ್ಚುಕಡಿಮೆ ಹಾಗೆಯೇ ನಿಂತಿದ್ದವು! ಪ್ರೋಬ್‌ನಿಂದ ಹೊರಟ ಗ್ರೌಂಡ್ ತಂತಿ ಒಂದು ಗೇಣು ಉದ್ದವಿತ್ತು, ಕಮಾನಿನಂತೆ ಬಾಗಿ ಕಾಯಿಲ್‌ನ ಮೇಲೆಯೇ ಹಾದಿತ್ತು. ಆ ತಂತಿಯನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿದರೆ ಮುಳ್ಳು ಕುಗ್ಗುತ್ತಿತ್ತು, ಕಾಯಿಲ್ ಹತ್ತಿರ ತಂದರೆ ಎದ್ದು ನಿಲ್ಲುತ್ತಿತ್ತು. ನಾವು ಮೀಡಿಯಂ ವೇವ್ ಕೇಳುವಾಗ ರೇಡಿಯೊದೊಳಗಿನ ಸುರುಳಿ ಮಾಡುವ ಕೆಲಸವನ್ನೇ ಆ ತಂತಿ ಮಾಡುತ್ತಿತ್ತು. ತಂತಿ ಮತ್ತು ತುದಿ ಸೇರಿ ಒಂದು ಕುಣಿಕೆ, ಕಾಯಿಲ್‌ನ ಬದಲಾಗುವ ಕಾಂತಕ್ಷೇತ್ರ ಅದರೊಳಗೆ ಹಾದರೆ ವೋಲ್ಟೇಜ್ ಹುಟ್ಟುತ್ತದೆ. ಕುಣಿಕೆ ದೊಡ್ಡದಾದಷ್ಟೂ ವೋಲ್ಟೇಜ್ ದೊಡ್ಡದು.

ಆಮೇಲೆ ಅವನು ಪ್ರೋಬ್‌ನ ಕೊಕ್ಕೆಯ ಟೋಪಿ ಕಳಚಿದ. ಉದ್ದದ ತಂತಿ ತೆಗೆದ. ತುದಿಯ ಬಳಿಯ ಲೋಹದ ಬಳೆಗೆ ಪುಟ್ಟ ಗ್ರೌಂಡ್ ಸ್ಪ್ರಿಂಗ್ ತೊಡಿಸಿ, ಔಟ್‌ಪುಟ್ ಕೆಪಾಸಿಟರ್‌ನ ಎರಡು ಬದಿಗೆ ನೇರವಾಗಿ ಒತ್ತಿದ. ಮುಳ್ಳುಗಳು ಹೋದವು. ಉಳಿದದ್ದು ಮಿತಿಯೊಳಗಿನ ಮೃದುವಾದ ಏರಿಳಿತ ಮಾತ್ರ. ಬೋರ್ಡ್ ಮೊದಲಿನಿಂದಲೂ ಸರಿಯಾಗಿಯೇ ಇತ್ತು.

ಆ ಸ್ಪ್ರಿಂಗ್ ಸಾಮಾನ್ಯವಾಗಿ ಪ್ರೋಬ್‌ನ ಜೊತೆಗೆ ಪುಟ್ಟ ಚೀಲದಲ್ಲಿ ಬರುತ್ತದೆ. ಎಷ್ಟೋ ಜನ ಆ ಚೀಲವನ್ನು ಬಿಚ್ಚುವುದೇ ಇಲ್ಲ, ಹೊಸ ಆಸಿಲೋಸ್ಕೋಪ್ ಕೊಳ್ಳುವ ಮಾತಾಡುತ್ತಾರೆ! ಚೀಲ ಬಿಚ್ಚಿ. ಉದ್ದದ ತಂತಿಗೆ ಇನ್ನೊಂದು ದೋಷವೂ ಇದೆ. ತಂತಿಯ ಪ್ರತಿ ಸೆಂಟಿಮೀಟರಿಗೆ ಸುಮಾರು 10 ನ್ಯಾನೊಹೆನ್ರಿ ಇಂಡಕ್ಟನ್ಸ್ (ಕರೆಂಟ್‌ನ ಬದಲಾವಣೆಯನ್ನು ತಡೆಯುವ ಗುಣ) ಎಂದು ಲೆಕ್ಕ ಇಟ್ಟುಕೊಳ್ಳಿ. 15 ಸೆಂಟಿಮೀಟರಿಗೆ 150. ಪ್ರೋಬ್ ತುದಿಯ ಹತ್ತು ಹನ್ನೆರಡು ಪಿಕೊಫ್ಯಾರಡ್ ಕೆಪಾಸಿಟನ್ಸ್ ಜೊತೆ ಸೇರಿದರೆ ಅದು 120 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಅನುರಣಿಸುತ್ತದೆ. ಚುರುಕಾದ ಚೌಕ ಅಲೆಯ ಅಂಚಿನಲ್ಲಿ ನೀವು ಕಾಣುವ ನಡುಕ ಎಷ್ಟೋ ಸಲ ಇದೇ. ತಂತಿ ಚಿಕ್ಕದು ಮಾಡಿ, ತುದಿ ಮತ್ತು ಕ್ಲಿಪ್ ಸೇರಿಸಿ ಪರೀಕ್ಷಿಸಿ, ಆಮೇಲೆ ಸರ್ಕ್ಯೂಟನ್ನು ದೂರಿ.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. 20 ಮೆಗಾಹರ್ಟ್ಸ್‌ಗಿಂತ ವೇಗದ ಏರಿಳಿತವನ್ನು ತಡೆಯುವ ಬ್ಯಾಂಡ್‌ವಿಡ್ತ್ ಮಿತಿಯ ಗುಂಡಿ ಒಳ್ಳೆಯದೇ. ಆದರೆ ತುದಿಯನ್ನು ಕ್ಲಿಪ್‌ಗೆ ಸೇರಿಸುವ ಪರೀಕ್ಷೆ ಮಾಡದೆ ಅದನ್ನು ಒತ್ತಿ, ಮುಳ್ಳು ಮಾಯವಾಯಿತೆಂದು ಸಂತೋಷಪಡಬೇಡಿ. ಪ್ರೋಬ್‌ನ ಸ್ವಿಚ್ 10 ಎಕ್ಸ್‌ನಲ್ಲಿದ್ದರೆ ಸಿಗ್ನಲ್ ಹತ್ತನೇ ಒಂದು ಪಾಲಾಗಿ ಒಳಗೆ ಹೋಗುವುದರಿಂದ ಉಪಕರಣದ ಸ್ವಂತ ಗದ್ದಲ ಹತ್ತು ಪಟ್ಟು ಕಾಣುತ್ತದೆ. ಮಿಲಿವೋಲ್ಟ್‌ಗಳ ನಿಧಾನದ ಅಳತೆಗೆ 1 ಎಕ್ಸ್ ಹಾಕಿ, ವೇಗದ ಸಿಗ್ನಲ್ ಅದರಲ್ಲಿ ಸರಿಯಾಗಿ ಕಾಣದು. ಗೆರೆ ಮನೆಯ ವಿದ್ಯುತ್ತಿನ 50 ಹರ್ಟ್ಸ್‌ನಲ್ಲಿ ತೂಗಾಡುತ್ತಿದ್ದರೆ ಮೊದಲು ಗ್ರೌಂಡ್ ಕ್ಲಿಪ್ ಕಳಚಿದೆಯೇ ನೋಡಿ.

ಇನ್ನೊಂದನ್ನು ಹೇಳದೆ ಎದ್ದೇಳಲಾರೆ. ಮೇಜಿನ ಮೇಲಿನ ಸಾಮಾನ್ಯ ಆಸಿಲೋಸ್ಕೋಪ್‌ನ ಗ್ರೌಂಡ್ ಕ್ಲಿಪ್ ಒಳಗಿಂದಲೇ ಪ್ಲಗ್‌ನ ಅರ್ತ್ ಪಿನ್‌ಗೆ ಸೇರಿರುತ್ತದೆ. ಮುಖ್ಯ ವಿದ್ಯುತ್ತಿಗೆ ನೇರ ಸಂಪರ್ಕವಿರುವ ಭಾಗಕ್ಕೆ ಅದನ್ನು ಸಿಕ್ಕಿಸಿದರೆ ಶಾರ್ಟ್. ಅದನ್ನು ತಪ್ಪಿಸಲೆಂದು ಅರ್ತ್ ಪಿನ್ ಕಿತ್ತರೆ ಉಪಕರಣದ ಲೋಹದ ಮೈಗೇ ಕರೆಂಟ್ ಬಂದು ಮುಟ್ಟಿದವರ ಜೀವ ಹೋಗಬಹುದು. ಅಂಥ ಕಡೆ ಆ ವೋಲ್ಟೇಜಿಗೆ ತಕ್ಕ ಡಿಫರೆನ್ಷಿಯಲ್ ಪ್ರೋಬ್ (ಗ್ರೌಂಡ್ ಕ್ಲಿಪ್ ಇಲ್ಲದೆ ಎರಡು ಬಿಂದುಗಳ ನಡುವಿನ ವ್ಯತ್ಯಾಸ ಅಳೆಯುವ ಪ್ರೋಬ್) ಬಳಸಿ, ಇಲ್ಲದಿದ್ದರೆ ಅಳೆಯಲೇಬೇಡಿ. ನಮಸ್ಕಾರ.