ಕೈಯಾರೆ ಬರೆದ ಅಂಕಪಟ್ಟಿ

ಕೇಳುಗರಿಗೆ ನಮಸ್ಕಾರ.

ಕ್ರಿಕೆಟ್ ಟೂರ್ನಿ ಶುರುವಾಗುವ ಹಿಂದಿನ ದಿನ ಹೊಸ ನೋಟ್‌ಬುಕ್‌ ತೆಗೆದು ಗೆರೆ ಹಾಕಿಕೊಳ್ಳುವುದು ನನ್ನ ಹವ್ಯಾಸ. ತಂಡ, ಆಡಿದ್ದು, ಗೆದ್ದದ್ದು, ಸೋತದ್ದು, ಅಂಕ. ಆಮೇಲೆ ಅಗಲವಾದ ನಾಲ್ಕು ಕಲಂ: ಹೊಡೆದ ರನ್, ಅದಕ್ಕೆ ಹಿಡಿದ ಎಸೆತ, ಬಿಟ್ಟುಕೊಟ್ಟ ರನ್, ಅದಕ್ಕೆ ಹಿಡಿದ ಎಸೆತ. ಮೊಬೈಲ್ ತೆರೆದರೆ ಸಿದ್ಧ ಪಟ್ಟಿಯೇ ಸಿಗುತ್ತದಲ್ಲ ಎಂದು ಮನೆಯವರು ಕೇಳುತ್ತಾರೆ. ಸಿಗುತ್ತದೆ, ನಿಜ. ಆದರೆ ಯಾವ ತಂಡ ಯಾವ ಪಂದ್ಯದಿಂದಾಗಿ ಆ ಜಾಗಕ್ಕೆ ಬಂತು ಎಂಬುದು ತಾನೇ ಕೂಡಿ ಕಳೆದವನಿಗೆ ಮಾತ್ರ ಕಾಣುತ್ತದೆ.

2019ರ ವಿಶ್ವಕಪ್ಪನ್ನೇ ನೋಡಿ. ಮೇ 31ರಂದು ನಾಟಿಂಗ್‌ಹ್ಯಾಮ್‌ನಲ್ಲಿ ವೆಸ್ಟ್ ಇಂಡೀಸ್ ಎದುರು ಪಾಕಿಸ್ತಾನ 21.4 ಓವರ್‌ಗಳಲ್ಲಿ 105 ರನ್‌ಗಳಿಗೆ ಆಲೌಟ್ ಆಯಿತು. ವೆಸ್ಟ್ ಇಂಡೀಸ್ 13.4 ಓವರ್‌ಗಳಲ್ಲಿ 108 ಹೊಡೆದು ಗೆದ್ದಿತು. ಇದನ್ನು ಪುಸ್ತಕಕ್ಕೆ ಇಳಿಸುವಾಗ ಎರಡು ವಿಷಯ ನೆನಪಿರಬೇಕು. ಆಲೌಟ್ ಆದ ತಂಡ ಪೂರ್ತಿ 50 ಓವರ್ ಆಡಿದಂತೆಯೇ ಲೆಕ್ಕ. ಹಾಗಾಗಿ ಪಾಕಿಸ್ತಾನದ ರನ್ ದರ ಓವರ್‌ಗೆ ಬರೀ 2.1. ಇನ್ನೊಂದು, 13.4 ಎಂದರೆ ಹದಿಮೂರು ಓವರ್, ನಾಲ್ಕು ಎಸೆತ. ದಶಮಾಂಶದಂತೆ ಕಂಡರೂ ಅದು ದಶಮಾಂಶವಲ್ಲ. ನಾನು ಎಲ್ಲವನ್ನೂ ಎಸೆತಗಳಲ್ಲೇ ಬರೆಯುತ್ತೇನೆ: 82 ಎಸೆತ, 108 ರನ್. ಭಾಗಿಸಿ ಆರರಿಂದ ಗುಣಿಸಿದರೆ 7.902. 2.1ರಲ್ಲಿ ಅದನ್ನು ಕಳೆದರೆ ಮೈನಸ್ 5.802. ಹೊಡೆದ ರನ್ ದರದಲ್ಲಿ ಬಿಟ್ಟುಕೊಟ್ಟ ರನ್ ದರವನ್ನು ಹೀಗೆ ಕಳೆದು ಬರುವುದೇ ನೆಟ್ ರನ್ ರೇಟ್. ಒಂದೇ ಮಧ್ಯಾಹ್ನದ ಆಟಕ್ಕೆ ಪಾಕಿಸ್ತಾನದ ನೆಟ್ ರನ್ ರೇಟ್ ಇಷ್ಟು ಆಳಕ್ಕೆ ಬಿತ್ತು.

ಮುಂದೆ ಅದೇ ತಂಡ ನ್ಯೂಜಿಲೆಂಡನ್ನು ಸೋಲಿಸಿತು, ಕೊನೆಯ ನಾಲ್ಕು ಪಂದ್ಯಗಳನ್ನು ಸಾಲಾಗಿ ಗೆದ್ದಿತು. ಎರಡೂ ತಂಡಗಳಿಗೆ ತಲಾ 11 ಅಂಕ, ತಲಾ ಐದು ಗೆಲುವು. ಹೀಗೆ ಸಮವಾದಾಗ ನೆಟ್ ರನ್ ರೇಟ್ ನೋಡುವುದು ನಿಯಮ. ಹಾಗಾಗಿ ಸೆಮಿಫೈನಲ್‌ಗೆ ಹೋದದ್ದು ನ್ಯೂಜಿಲೆಂಡ್. ಜುಲೈ 5ರಂದು ಲಾರ್ಡ್ಸ್‌ನಲ್ಲಿ 315 ರನ್ ಹೊಡೆದ ಪಾಕಿಸ್ತಾನ, ಮುಂದೆ ಸಾಗಬೇಕಾದರೆ ಬಾಂಗ್ಲಾದೇಶವನ್ನು 7 ರನ್‌ಗಳೊಳಗೆ ಕಟ್ಟಿಹಾಕಬೇಕಿತ್ತು! ಪರಸ್ಪರ ಆಡಿದ ಪಂದ್ಯದಲ್ಲಿ ಗೆದ್ದವರು ಹೊರಗುಳಿದದ್ದು ನನಗೆ ಇಂದಿಗೂ ಸರಿ ಎನಿಸುವುದಿಲ್ಲ. ಆ ನಿಯಮದ ಬಗ್ಗೆ ನನಗೊಂದು ಅಭಿಪ್ರಾಯ ಮೂಡಿದ್ದೇ ಈ ಕಲಂಗಳನ್ನು ತುಂಬುತ್ತಾ ಹೋದಾಗ.

ಬರೆದದ್ದು ಸರಿಯೇ ಎಂದು ನೋಡಲು ಸೊಗಸಾದ ಉಪಾಯವೊಂದಿದೆ. ಎಲ್ಲ ತಂಡಗಳು ಹೊಡೆದ ರನ್‌ಗಳ ಮೊತ್ತ, ಎಲ್ಲ ತಂಡಗಳು ಬಿಟ್ಟುಕೊಟ್ಟ ರನ್‌ಗಳ ಮೊತ್ತ ಒಂದೇ ಆಗಬೇಕು. ಒಬ್ಬರು ಹೊಡೆದದ್ದೇ ತಾನೆ ಇನ್ನೊಬ್ಬರು ಕೊಟ್ಟದ್ದು. ಎಸೆತಗಳಿಗೂ ಇದೇ ಮಾತು. ಪುಟದ ಬುಡದಲ್ಲಿ ಎರಡು ಮೊತ್ತಗಳು ತಾಳೆಯಾದಾಗ ಆಗುವ ಸಂತೋಷವೇ ಬೇರೆ.

2024ರ ಐಪಿಎಲ್‌ನಲ್ಲಿ, ಮೇ 18ರ ರಾತ್ರಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆರ್‌ಸಿಬಿ 218 ಹೊಡೆದಾಗ, ಚೆನ್ನೈಗೆ ಗೆಲ್ಲಲು 219 ಬೇಕು, ಆದರೆ ಸೋತರೂ ನೆಟ್ ರನ್ ರೇಟ್‌ನಲ್ಲಿ ಮುಂದಿದ್ದು ಪ್ಲೇಆಫ್‌ಗೆ ಹೋಗಲು 201 ಸಾಕು ಎಂಬುದನ್ನು ಲೆಕ್ಕದಲ್ಲೇ ಕಂಡುಕೊಳ್ಳಬಹುದಿತ್ತು. ಆ 201 ಮುಟ್ಟಲು ಕೊನೆಯ ಓವರ್‌ನಲ್ಲಿ ಬೇಕಿದ್ದದ್ದು 17. ಧೋನಿ ಮೊದಲ ಎಸೆತವನ್ನೇ ಸಿಕ್ಸರ್‌ಗೆ ಎತ್ತಿ, ಮರು ಎಸೆತದಲ್ಲಿ ಔಟಾದರು. ಚೆನ್ನೈ 191ಕ್ಕೆ ನಿಂತಿತು. ಎಲ್ಲರೂ ಕೊಂಡಾಡಿದ್ದು ಆ ಓವರನ್ನು. ನನ್ನ ಪುಸ್ತಕ ಅದರ ಜೊತೆಗೆ ಮೇ 4ನ್ನೂ ತೋರಿಸುತ್ತದೆ. ಅಂದು ಅದೇ ಅಂಗಳದಲ್ಲಿ ಗುಜರಾತ್ ಒಡ್ಡಿದ 148ರ ಗುರಿಯನ್ನು ಆರ್‌ಸಿಬಿ 38 ಎಸೆತ ಉಳಿದಿರುವಾಗಲೇ ಮುಟ್ಟಿತ್ತು. ಗೆದ್ದರೆ ಸಾಕೆಂದು ನಿಧಾನವಾಗಿ ಆಡಿದ್ದರೂ ಎರಡೇ ಅಂಕ ಬರುತ್ತಿತ್ತು. ಆದರೆ 14 ಅಂಕಗಳಲ್ಲಿ ನಾಲ್ಕು ತಂಡಗಳು ಸಮವಾಗಿ ನಿಂತ ಆ ವರ್ಷ, ಉಳಿಸಿದ ಎಸೆತಗಳೂ ಕೈಹಿಡಿದವು.

ಹೊಸದಾಗಿ ಶುರುಮಾಡುವವರಿಗೆ ನಾನು ಹೇಳುವುದು ರಣಜಿ ಟ್ರೋಫಿಯನ್ನು. ಗುಂಪು ಹಂತದ ಒಂದೊಂದು ಪಂದ್ಯ ನಾಲ್ಕು ದಿನ ನಡೆಯುವುದರಿಂದ ಬರೆಯಲು ಬೇಕಾದಷ್ಟು ಬಿಡುವಿರುತ್ತದೆ. ಪೂರ್ಣ ಗೆಲುವಿಗೆ 6 ಅಂಕ, ಇನಿಂಗ್ಸ್ ಅಥವಾ ಹತ್ತು ವಿಕೆಟ್‌ಗಳಿಂದ ಗೆದ್ದರೆ ಒಂದು ಹೆಚ್ಚು. ಡ್ರಾ ಆದರೆ ಮೊದಲ ಇನಿಂಗ್ಸ್ ಮುನ್ನಡೆ ಪಡೆದವರಿಗೆ 3, ಮತ್ತೊಬ್ಬರಿಗೆ 1. ಹನ್ನೊಂದನೆಯ ಆಟಗಾರ ತಡವರಿಸುತ್ತಾ ಎದುರಾಳಿಯ ಮೊತ್ತ ದಾಟಲು ಹೆಣಗುವಾಗ ಅವನ ಒಂದೊಂದು ರನ್ನಿಗೂ ಎಷ್ಟು ಬೆಲೆ ಎಂಬುದು ಪೆನ್ಸಿಲ್ ಹಿಡಿದು ಕುಳಿತ ನಿಮಗೆ ಗೊತ್ತಿರುತ್ತದೆ. ಕರ್ನಾಟಕ ಆಡುವ ಗುಂಪಿನ ಎಂಟು ತಂಡಗಳ ಹೆಸರು ಬರೆದುಕೊಂಡರೆ ಮೊದಲ ಪುಟ ಸಿದ್ಧ.

ನಮಸ್ಕಾರ.