ಭಟ್ಟಿಯ ಉರಿಯಲ್ಲಿ ಎರಡು ಲೆಕ್ಕ

ಕೇಳುಗರಿಗೆ ನಮಸ್ಕಾರ.

ದಾವಣಗೆರೆ ಎಂದರೆ ಮಂಡಕ್ಕಿ, ಮೆಣಸಿನಕಾಯಿ. ಗಾಳಿ ಕೆಟ್ಟ ನಗರಗಳಿಗಾಗಿ 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮಕ್ಕೆ ಸೇರಿದ ಕರ್ನಾಟಕದ ನಾಲ್ಕು ನಗರಗಳಲ್ಲಿ ಈ ಊರೂ ಒಂದು. ವಾಹನ, ರಸ್ತೆಯ ಧೂಳಿನ ಮಾತು ಇನ್ನೊಮ್ಮೆ ಆಡೋಣ. ಇವತ್ತು ಮಂಡಕ್ಕಿ ಭಟ್ಟಿಯ ಒಲೆಯೊಳಗೆ ಇಣುಕೋಣ.

ಒಲೆಗೆ ಹಾಕಿದ ಭತ್ತದ ಹೊಟ್ಟು ಕಾದಾಗ ಮೊದಲು ಅನಿಲ ಹೊರಡುತ್ತದೆ. ಜ್ವಾಲೆಯಾಗಿ ಕಾಣುವುದು ಆ ಅನಿಲ ಉರಿಯುವುದೇ. ಒಂದು ಕಿಲೋ ಹೊಟ್ಟಿಗೆ ಕನಿಷ್ಠ 4-5 ಕಿಲೋ ಗಾಳಿ ಬೇಕು. ಒಮ್ಮೆಲೇ ಬುಟ್ಟಿಗಟ್ಟಲೆ ಸುರಿದರೆ, ಜಾಲರಿಯಲ್ಲಿ ಬೂದಿ ಕಟ್ಟಿಕೊಂಡರೆ, ಗಾಳಿ ಒಳಗೆ ನುಗ್ಗುವುದಿಲ್ಲ. ಆಗ ಅನಿಲ ಅರೆಬರೆ ಉರಿದು ಮಸಿಯಾಗುತ್ತದೆ, ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ, ಒಂದಿಷ್ಟು ಮೀಥೇನ್ ಆಗಿಯೂ ಹೋಗುತ್ತದೆ. ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ಶೆಡ್ಡಿನಲ್ಲಿ ತಲೆನೋವು, ವಾಕರಿಕೆ ಬಂದರೆ ಸೆಕೆಯೆಂದು ಸುಮ್ಮನಿರಬೇಡಿ, ತಕ್ಷಣ ಹೊರಗೆ ಬನ್ನಿ.

ಹೊಟ್ಟು ಒದ್ದೆಯಿದ್ದರೆ ಇನ್ನೊಂದು ನಷ್ಟ. ಒಂದು ಕಿಲೋ ನೀರನ್ನು ಆವಿ ಮಾಡಲಿಕ್ಕೇ 540 ಕಿಲೋ ಕ್ಯಾಲೊರಿ ಶಾಖ ಹೋಗುತ್ತದೆ. ಉರಿ ತಣ್ಣಗಾಗಿ ಹೊಗೆ ಏಳುತ್ತದೆ. ಮಳೆಗಾಲದಲ್ಲಿ ರಾಶಿಯ ಮೇಲೆ ಟಾರ್ಪಾಲ್ ಇರಲೇಬೇಕು.

ಒಲೆಗೆ ಹಾಕುವ ಹಳೇ ಟೈರಿನ ಮಾತು ಬೇರೆ. ಅದರಲ್ಲಿ ಶೇ. 1ರಿಂದ 2ರಷ್ಟು ಗಂಧಕವಿದೆ. ಗಾಳಿ ಎಷ್ಟೇ ಕೊಟ್ಟರೂ ಗಂಧಕ ಸಲ್ಫರ್ ಡೈಆಕ್ಸೈಡ್ ಆಗಿಯೇ ತೀರುತ್ತದೆ. ಜೊತೆಗೆ ಬೆಂಜೀನ್, ಸತುವಿನ ಸೂಕ್ಷ್ಮ ಕಣ. ಬಿಸಿ ಜೋರು, ಬೆಲೆ ಕಡಿಮೆ, ನಿಜ. ಆದರೆ ಒಲೆಯ ಮುಂದೆ ಕೂತವರ ಎದೆಗೂಡಿಗೆ ಇಳಿಯುವುದು ಅದೇ ಹೊಗೆ. ಟೈರು ಒಲೆಗೆ ಬೇಡವೇ ಬೇಡ.

ಇದು ಉಸಿರಿಗೆ ತಾಗುವ ಹೊಗೆಯ ಲೆಕ್ಕ. ಇನ್ನೊಂದು ಲೆಕ್ಕ ಕಣ್ಣಿಗೆ ಕಾಣದ್ದು, ಭೂಮಿಯ ಬಿಸಿ ಏರಿಸುವ ಅನಿಲಗಳದ್ದು. ಹೊಗೆಯೇ ಇಲ್ಲದೆ ನೀಲಿಯಾಗಿ ಉರಿಯುವ ಗ್ಯಾಸ್ ಕೂಡ, 14.2 ಕಿಲೋ ಸಿಲಿಂಡರ್ ಮುಗಿಯುವಷ್ಟರಲ್ಲಿ ಸುಮಾರು 42 ಕಿಲೋ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ತೂಕ ಹೆಚ್ಚುವುದು ಗಾಳಿಯ ಆಮ್ಲಜನಕ ಸೇರುವುದರಿಂದ. ಇದನ್ನು ಚಿಮಣಿ ಎತ್ತರಿಸಿ ತಗ್ಗಿಸಲಾಗದು, ಇಂಧನವನ್ನೇ ಉಳಿಸಬೇಕು. ಹೊಟ್ಟಿನಿಂದ ಬಂದ ಕಾರ್ಬನ್ ಡೈಆಕ್ಸೈಡ್ ಅನ್ನು ಮುಂದಿನ ಬೆಳೆ ಹೀರಿಕೊಂಡೀತು. ಅರೆಬೆಂದ ಮಸಿಯನ್ನು, ಮೀಥೇನನ್ನು ಯಾವ ಗದ್ದೆಯೂ ವಾಪಸು ತೆಗೆದುಕೊಳ್ಳದು.

ನಾಳೆ ಒಲೆ ಹೊತ್ತಿಸುವ ಮುನ್ನ ಹಿಂದಿನ ದಿನದ ಬೂದಿ ನೋಡಿ. ಬೂದುಬಿಳಿಯಿದ್ದರೆ ಉರಿ ಸರಿಯಾಗಿದೆ. ಕಡುಕಪ್ಪಿದ್ದರೆ ದುಡ್ಡು ಕೊಟ್ಟು ತಂದ ಇಂಗಾಲ ಅದರಲ್ಲೇ ಉಳಿದಿದೆ: ಜಾಲರಿ ಕೆರೆದು, ಹೊಟ್ಟನ್ನು ತೆಳುವಾಗಿ, ಸ್ವಲ್ಪ ಸ್ವಲ್ಪವೇ ಹಾಕಿ.

ನಮಸ್ಕಾರ.