ಊಟ ಬಿಟ್ಟವರಿಗೆ ಮೊದಲ ಮದ್ದು ಊಟವೇ

(ದಾವಣಗೆರೆಯಲ್ಲಿ ಪೋಷಕರು, ಹಾಸ್ಟೆಲ್ ವಾರ್ಡನ್‌ಗಳ ಮುಂದೆ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಬೆಣ್ಣೆದೋಸೆ ಊರಲ್ಲಿ ನಿಂತು ಊಟ ಬಿಡುವ ಕಾಯಿಲೆ ಬಗ್ಗೆ ಮಾತಾಡೋದಾ ಅಂತ ನನಗೇ ನಗು ಬಂತು. ಆದರೆ ಅನೊರೆಕ್ಸಿಯಾ, ಅಂದರೆ ದಪ್ಪ ಆಗುವ ಭಯದಲ್ಲಿ ಊಟ ಬಿಡುತ್ತಾ ಹೋಗುವ ಮಾನಸಿಕ ಕಾಯಿಲೆ, ಇಲ್ಲೂ ಇದೆ. ಹೊಸದೇನಲ್ಲ. 1873ರಲ್ಲೇ ಲಂಡನ್ನಿನ ವಿಲಿಯಂ ಗಲ್, ಪ್ಯಾರಿಸ್ಸಿನ ಶಾರ್ಲ್ ಲಾಸೆಗ್ ಅನ್ನುವ ಡಾಕ್ಟರುಗಳು ಇದನ್ನು ವಿವರಿಸಿದ್ದರು. ಆಗ ಇನ್‌ಸ್ಟಾಗ್ರಾಮ್ ಇರಲಿಲ್ಲ, ಅಲ್ವಾ? ಎಲ್ಲದಕ್ಕೂ ಮೊಬೈಲನ್ನೇ ಬೈಯಬೇಡಿ.

ನಮ್ಮ ಕಡೆ ಇಂಥವರು ನೇರವಾಗಿ ಥೆರಪಿಸ್ಟ್ ಹತ್ತಿರ ಬರುವುದಿಲ್ಲ. ಗ್ಯಾಸ್ಟ್ರಿಕ್ ಅಂತ ಒಬ್ಬ ಡಾಕ್ಟರು, ಮುಟ್ಟು ನಿಂತಿದೆ ಅಂತ ಇನ್ನೊಬ್ಬರು, ದೃಷ್ಟಿಯಾಗಿದೆ ಅಂತ ಒಂದು ತಾಯತ. ಎಷ್ಟೋ ಹುಡುಗಿಯರು ದಪ್ಪ ಆಗುವ ಭಯ ಅಂತ ಬಾಯಿ ಬಿಡುವುದೇ ಇಲ್ಲ. 'ಹೊಟ್ಟೆ ತುಂಬಿದೆ, ಸೇರಲ್ಲ' ಅಂತಾರೆ. ಸೋಮವಾರದ ಒಪ್ಪತ್ತು ಗುರುವಾರಕ್ಕೂ ಶನಿವಾರಕ್ಕೂ ಹಬ್ಬುತ್ತದೆ. ಮನೆಯವರು ಎಷ್ಟು ಭಕ್ತಿ ಅಂತ ಖುಷಿಪಡುತ್ತಾರೆ. ಹುಡುಗರಿಗೂ ಬರುತ್ತದೆ, ಅಲ್ಲಿ ಅದಕ್ಕೆ ಜಿಮ್ ಡಯಟ್ ಅಂತ ಹೆಸರು.

ಒಬ್ಬ ತಾಯಿ ಹೇಳಿದ್ದು ಕೇಳಿ. ಮಗಳು ಪಿಯುಸಿ. ಹೋಟೆಲಲ್ಲಿ ದೋಸೆ ಬಂದ ಕೂಡಲೇ ಅದರ ಮೇಲೆ ಪೇಪರ್ ಒತ್ತಿ ಬೆಣ್ಣೆ ಹೀರಿಸುತ್ತಾಳೆ. ಆಮೇಲೆ ಉಗುರಿನಷ್ಟು ಚೂರು ಮಾಡಿ ತಟ್ಟೆ ತುಂಬಾ ಹರಡುತ್ತಾಳೆ. ಬಾಯಿಗೆ ಹೋಗುವುದು ನಾಲ್ಕೇ ಚೂರು. ಅದೇ ಹುಡುಗಿ ಮನೆಯಲ್ಲಿ ಎಲ್ಲರಿಗೂ ಅಡುಗೆ ಮಾಡುತ್ತಾಳೆ, ತಮ್ಮನಿಗೆ ಒತ್ತಾಯ ಮಾಡಿ ಬಡಿಸುತ್ತಾಳೆ, ರಾತ್ರಿಯೆಲ್ಲ ಅಡುಗೆ ವಿಡಿಯೋ ನೋಡುತ್ತಾಳೆ. 'ಇದೆಲ್ಲ ನಾಟಕ ಮೇಡಂ' ಅಂದರು ಅಪ್ಪ.

ನಾಟಕ ಅಲ್ಲ. 1944-45ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ 36 ಜನ ಗಟ್ಟಿಮುಟ್ಟಾದ ಗಂಡಸರಿಗೆ ಸುಮಾರು ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟು ಪರೀಕ್ಷೆ ಮಾಡಿದರು. ಅವರೂ ಅಡುಗೆ ಪುಸ್ತಕ ಕೂಡಿಡಲು ಶುರು ಮಾಡಿದರು. ಒಂದು ತಟ್ಟೆ ಊಟವನ್ನು ಗಂಟೆಗಟ್ಟಲೆ ಎಳೆದರು. ಸಿಟ್ಟು, ಚಳಿ, ಯಾರ ಜೊತೆಗೂ ಬೇಡ ಅನ್ನುವ ಮನಸ್ಸು. ಅವರಿಗೆ ಅನೊರೆಕ್ಸಿಯಾ ಇರಲಿಲ್ಲ, ಹಸಿವು ಇತ್ತು ಅಷ್ಟೇ. ನಾವು ಆ ಹುಡುಗಿಯ ಹಟ ಅಂದುಕೊಂಡಿದ್ದರಲ್ಲಿ ಜಾಸ್ತಿ ಪಾಲು ಹಸಿದ ಮೆದುಳಿನ ಕೆಲಸ. ಅದಕ್ಕೇ ತೂಕ ತೀರಾ ಇಳಿದಿರುವಾಗ ನಾನು ಎಷ್ಟು ಮಾತಾಡಿದರೂ ಅವಳ ಕಿವಿಗೆ ಹೋಗುವುದಿಲ್ಲ. ಮೊದಲು ಊಟ.

ಅದನ್ನು ಮಾಡಿಸುವವರು ನಾನಲ್ಲ, ನೀವು. ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯಲ್ಲಿ ಬೆಳೆದ ಕುಟುಂಬ ಚಿಕಿತ್ಸೆಯಲ್ಲಿ ಊಟದ ಜವಾಬ್ದಾರಿ ಪೂರ್ತಿ ಅಪ್ಪ ಅಮ್ಮನದು. ಏನು, ಎಷ್ಟು, ಯಾವಾಗ ಅಂತ ಅವರೇ ತೀರ್ಮಾನಿಸುತ್ತಾರೆ. ತೂಕ ಬಂದ ಮೇಲೆ ನಿಧಾನಕ್ಕೆ ಮಕ್ಕಳ ಕೈಗೆ ಬಿಡುತ್ತಾರೆ. ಯಾರ ತಪ್ಪು ಅಂತ ಅಲ್ಲಿ ಹುಡುಕುವುದಿಲ್ಲ. ಹದಿಹರೆಯದವರಿಗೆ ಹೆಚ್ಚು ಆಧಾರ ಇರುವುದು ಈ ದಾರಿಗೇ. ಆದರೆ 'ನನ್ನ ಮೇಲಾಣೆ, ತಿನ್ನು' ಅನ್ನಬೇಡಿ. ಆಣೆ ಹಾಕಿದರೆ ಭಯದ ಜೊತೆಗೆ ಪಾಪಪ್ರಜ್ಞೆಯೂ ಸೇರುತ್ತದೆ. ಕ್ಯಾಲೊರಿ ವಾದವೂ ಬೇಡ, ಅದರಲ್ಲಿ ಅವಳೇ ಗೆಲ್ಲುತ್ತಾಳೆ. 'ಪುಟ್ಟಿ, ಭಯ ಆಗ್ತಿದೆ ಅಂತ ಗೊತ್ತು. ನಾನು ಇಲ್ಲೇ ಕೂತಿರ್ತೀನಿ. ಇನ್ನೊಂದು ತುತ್ತು.' ಇಷ್ಟೇ. ಬೇಕಾದರೆ ಹತ್ತು ಸಲ.

ಒಂದು ಎಚ್ಚರಿಕೆ. ತುಂಬಾ ದಿನ ಉಪವಾಸ ಇದ್ದವರಿಗೆ ಒಮ್ಮೆಲೇ ಜಾಸ್ತಿ ತಿನ್ನಿಸಿದರೆ ರಕ್ತದಲ್ಲಿ ಫಾಸ್ಫೇಟ್ ಕುಸಿದು ಜೀವಕ್ಕೇ ಅಪಾಯ. ನಾಡಿ, ಬಿಪಿ, ಇಸಿಜಿ, ಪೊಟ್ಯಾಶಿಯಂ ನೋಡಿದ ಮೇಲೆ ಡಾಕ್ಟರು ಹೇಳಿದ ಲೆಕ್ಕದಲ್ಲೇ ಹೋಗಬೇಕು. ತಲೆಸುತ್ತಿ ಬಿದ್ದರೆ ನಾಳೆವರೆಗೆ ಕಾಯಬೇಡಿ, ಆಗಲೇ ಆಸ್ಪತ್ರೆಗೆ.

ವಾರ್ಡನ್‌ಗಳೇ, ಮೆಸ್ಸಿಗೆ ಬರದವರನ್ನು ಗಮನಿಸಿ. ಎಲ್ಲರೆದುರು ಕೇಳಬೇಡಿ, ಪಕ್ಕಕ್ಕೆ ಕರೆದು ಕೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಮತ್ತೆ, ಚೇತರಿಸಿಕೊಂಡು ವಾಪಸ್ ಬಂದವಳಿಗೆ ಪ್ರೀತಿಯಿಂದಲೇ 'ಈಗ ಮೈ ತುಂಬ್ಕೊಂಡಿದ್ದೀಯ' ಅಂತ ಮಾತ್ರ ಹೇಳಬೇಡಿ. ಆ ಒಂದು ಮಾತಿಗೆ ರಾತ್ರಿ ಊಟ ಬಿಟ್ಟವರಿದ್ದಾರೆ. 'ಬಂದ್ಯಲ್ಲ, ಬಾ ಕೂತ್ಕೋ' ಅನ್ನಿ.

ಈಗ ನಿಮ್ಮ ಪ್ರಶ್ನೆ ಕೇಳಿ.